ಸಹಿಯ ಕೆಳಗಿನ ಸಾಲು

ಬಯಾಮೊ
7 ಫೆಬ್ರವರಿ 1993

ಬೆಲಾರ್ಮಿನೊ ಅವರಿಗೆ,

ಈ ಪತ್ರವನ್ನು ಮಗಳಾಗಿ ಬರೆಯುತ್ತಿಲ್ಲ. ನಿಮಗೆ ಕಮ್ಮಾರಿಕೆ ಗೊತ್ತು, ನನಗೆ ಅದು ಬೇಕಾಗಿದೆ, ಅಷ್ಟಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಸಕ್ಕರೆ ಗಿರಣಿಯಿಂದ ಇಲ್ಲಿಗೆ ಕಾಕಂಬಿ ತರುವ ಲಾರಿಯವನು ವಿಳಾಸ ಕೊಟ್ಟ.

ನಾನು ಕೆಲಸಕ್ಕಿದ್ದ ಬಟ್ಟೆ ಕಾರ್ಖಾನೆ ಮುಚ್ಚಿದೆ. ಪೆಟ್ರೋಲಿಲ್ಲದೆ ಬಸ್ಸುಗಳೂ ನಿಂತಿವೆ, ಊರಿಗೆ ಊರೇ ಕುದುರೆಗಾಡಿ ಹತ್ತಿದೆ. ನಾನೂ ಒಂದು ಗಾಡಿ ಓಡಿಸುತ್ತೇನೆ, ಆಸ್ಪತ್ರೆಯಿಂದ ರೈಲು ನಿಲ್ದಾಣಕ್ಕೆ, ಅಲ್ಲಿಂದ ವಾಪಸ್ಸು. ಕುದುರೆಯ ಹೆಸರು ಕನೇಲಾ. ಮೈಬಣ್ಣ ದಾಲ್ಚಿನ್ನಿಯದು, ಬುದ್ಧಿ ಕತ್ತೆಯದು. ಅದರ ಲಾಳಗಳು ಸವೆದು ತಗಡಿನಂತಾಗಿವೆ, ಡಾಂಬರಿನ ಮೇಲೆ ಓಡಿ ಓಡಿ ಗೊರಸು ಬಿರಿಯುತ್ತಿದೆ. ಇಲ್ಲಿ ಉಳಿದಿರುವ ಒಬ್ಬನೇ ಕಮ್ಮಾರ ನನ್ನನ್ನು ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಾನೆ: “ಗಂಡಸ್ರ ಕುದುರೆ ಎಲ್ಲಾ ಮುಗೀಲಿ ತಾಯಿ, ಆಮೇಲೆ ನಿನ್ನದು ನೋಡೋಣ.” ಗಂಡಸರ ಕುದುರೆಗಳು ಮುಗಿಯುವುದಿಲ್ಲ.

ಅದಕ್ಕೇ ನಾನೇ ಒಂದು ಕುಲುಮೆ ಕಟ್ಟಬೇಕೆಂದಿದ್ದೇನೆ. ಅಂಗಡಿಯಲ್ಲಿ ಏನೂ ಸಿಗುವುದಿಲ್ಲ, ಎಲ್ಲವೂ ಗುಜರಿಯಿಂದಲೇ ಆಗಬೇಕು. ಒಲೆಯಾಗಿಸಲು ನನ್ನ ಬಳಿ ರಷ್ಯಾದ ಲಾರಿಯೊಂದರ ಬ್ರೇಕ್ ಡ್ರಮ್ ಇದೆ. ಕಬ್ಬಿಣ ಬಡಿಯುವ ಅಡಿಗಲ್ಲಿನ ಬದಲಿಗೆ ರೈಲು ಹಳಿಯ ತುಂಡು ಇದೆ. ಅರ್ಧಕ್ಕೆ ನಿಂತ ಕಟ್ಟಡಗಳಲ್ಲಿ ಸರಳು ಬೇಕಾದಷ್ಟಿದೆ. ಮರಾಬು ಎಂಬ ಮುಳ್ಳುಮರದ ಇದ್ದಿಲಿಗೆ ಬರವಿಲ್ಲ. ಎಲ್ಲಿಂದ ಶುರು ಮಾಡಬೇಕೆಂಬುದು ಗೊತ್ತಿಲ್ಲ.

ಅಮ್ಮನಿಗೆ ಈ ಪತ್ರದ ವಿಷಯ ತಿಳಿದಿಲ್ಲ. ತಿಳಿಯುವ ಅಗತ್ಯವೂ ಇಲ್ಲ.

ನಿಲ್ಸಾ


ಸಾನ್ ಎಲಾದಿಯೊ ಗಿರಣಿ ಕಾಲೊನಿ
1 ಮಾರ್ಚ್ 1993

ನಿಲ್ಸಾ ಅವರಿಗೆ,

ಬರೆಯುತ್ತಿರುವವಳು ಓರ್ತೆನ್ಸಿಯಾ, ಈಗ ಇವರ ಜೊತೆ ಬಾಳುತ್ತಿರುವವಳು. ಹೆಸರು ನೋಡಿ ನೀವು ಹರಿದುಹಾಕುವ ಮೊದಲು ಒಂದು ಮಾತು: ಬೆಲಾರ್ಮಿನೊಗೆ ಕಣ್ಣು ಕಾಣುವುದಿಲ್ಲ. ಜೀವನವೆಲ್ಲ ಬೆಂಕಿಯೊಳಗೆ ನೋಡಿದವರಿಗೆ ಹೀಗೆ ಪೊರೆ ಬೆಳೆಯುತ್ತದಂತೆ. ಈಗ ಬೆಳಕು ಯಾವ ಕಡೆಯಿದೆ ಎನ್ನುವುದಷ್ಟೇ ಅವರಿಗೆ ತಿಳಿಯುತ್ತದೆ. ನಿಮ್ಮ ಪತ್ರವನ್ನು ನಾನೇ ಓದಿ ಹೇಳಿದೆ. ಪೂರ್ತಿ ಓದಿದೆ, ಮೊದಲ ಸಾಲನ್ನೂ.

ಕೊನೆಯವರೆಗೂ ಕೇಳಿದರು. ಆಮೇಲೆ ನಕ್ಕರು. “ಕುದುರೆಗೆ ಕತ್ತೆ ಬುದ್ಧಿಯಂತೆ! ಇದು ಕಾಸಿಲ್ದಾನ ಬಾಯಿ ಕಣೇ, ನಂದಲ್ಲ” ಎಂದರು. ನಿಮ್ಮ ತಾಯಿಯ ಹೆಸರನ್ನು ಈ ಮನೆಯಲ್ಲಿ ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಎದ್ದು ಕೂತು ಕೇಳಿದರು: “ಡ್ರಮ್ಮು ಬಿರುಕು ಬಿಟ್ಟಿದೆಯಾ? ಸುತ್ತಿಗೇಲಿ ತಟ್ಟೋಕೆ ಹೇಳು. ಗಂಟೆ ಥರ ಸದ್ದು ಬಂದ್ರೆ ಇಟ್ಕೊಳ್ಲಿ, ಮಡಕೆ ಥರ ಬಂದ್ರೆ ಎಸೀಲಿ.”

ನೀವು ಮತ್ತೆ ಬರೆದರೆ ಉಳಿದದ್ದನ್ನು ಹೇಳುತ್ತಾರಂತೆ. ಅವರ ಬೆರಳನ್ನು ಕಾಗದದ ಮೇಲೆ ನಾನೇ ಇಟ್ಟೆ, ಸಹಿ ಮಾತ್ರ ಅವರದೇ.

ಬೆಲಾರ್ಮಿನೊ

ನಿಮ್ಮ ಪತ್ರ ಬಂದಾಗಿನಿಂದ ಇವರು ತಟ್ಟೆಯಲ್ಲಿ ಬಿಡದೆ ಊಟ ಮಾಡುತ್ತಿದ್ದಾರೆ. ನಿಮಗೆ ತಿಳಿದಿರಲಿ ಎಂದು. – ಓ.


ಬಯಾಮೊ
21 ಮಾರ್ಚ್ 1993

ಬೆಲಾರ್ಮಿನೊ ಅವರಿಗೆ,

ಡ್ರಮ್ಮು ಗಂಟೆಯಂತೆ ಸದ್ದು ಮಾಡುತ್ತದೆ.

ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ.

ಇನ್ನು ಮುಂದಿನದು ಈ ಪತ್ರವನ್ನು ಓದುತ್ತಿರುವವರಿಗೆ. ಬೇರೆ ಕೈ ಸಿಗದಿದ್ದರೆ ಇದೇ ಕೈ ಬರೆಯಲಿ. ಆದರೆ ಅವರ ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆಯಬೇಕು, ಬೈದರೆ ಬೈಗುಳವನ್ನೂ. ನಡುವೆ ನಿಮ್ಮ ಮಾತು ಬೇಡ. ಅವರು ಏನು ಉಂಡರು, ಏನು ಬಿಟ್ಟರು ಎಂಬ ಸುದ್ದಿ ಬೇಡ. ಆ ಸುದ್ದಿ ನಮ್ಮ ಮನೆಯಲ್ಲಿ ನಿಂತುಹೋದದ್ದು ನನಗೆ ಹನ್ನೊಂದು ವರ್ಷವಿದ್ದಾಗ. ಸಹಿಯ ಕೆಳಗೆ ಬರೆದದ್ದನ್ನು ನಾನು ಓದುವುದಿಲ್ಲ. ಅಲ್ಲಿಗೆ ಮಡಿಸಿ, ಹರಿದು, ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತೇನೆ. ಕಾಗದ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಇದನ್ನೂ ಅವರಿಗೆ ಓದಿ ಹೇಳಬೇಕು.

ನಿಲ್ಸಾ


ಸಾನ್ ಎಲಾದಿಯೊ
11 ಏಪ್ರಿಲ್ 1993

ಬರ್ಕೊಳ್ತಿದೀಯಾ? ಹ್ಞಾಂ.

ನಿಲ್ಸಾ, ಕೇಳು. ಡ್ರಮ್ಮಿನ ಒಳಗೆ ಮಣ್ಣು ಮೆತ್ತಬೇಕು. ಹೊಳೆ ದಂಡೆ ಜೇಡಿಮಣ್ಣು, ಅದಕ್ಕೆ ಬೂದಿ, ಅದಕ್ಕೆ ಲದ್ದಿ. ಲದ್ದಿಗೆ ನಿಂಗೇನೂ ಬರಗಾಲ ಇಲ್ವಲ್ಲ. ಅಂಗೈಯಷ್ಟು ದಪ್ಪ ಸಾಕು. ಸಿಮೆಂಟು ಮುಟ್ಟಬೇಡ, ಕಾದ ತಕ್ಷಣ ಸಿಡಿದು ಮುಖಕ್ಕೆ ಬರುತ್ತೆ. ನೆರಳಲ್ಲಿ ಒಣಗಿಸು, ಬಿಸಿಲಲ್ಲಿ ಅಲ್ಲ. ಆತುರ ಮಾಡಬೇಡ. ಆತುರ ನಿಂಗೆ ತಾಯಿ ಕಡೆಯಿಂದ ಬಂದಿರೋದು.

ಗಾಳಿಗೆ ತಿದಿ ಹೊಲೆಯೋಕೆ ಚರ್ಮ ಎಲ್ಲಿ ತರ್ತೀಯ? ಕೆಟ್ಟ ಫ್ಯಾನಿನ ರೆಕ್ಕೆ ತಗೋ. ಅದನ್ನ ಎಣ್ಣೆ ಡಬ್ಬದೊಳಗೆ ಕೂರಿಸು. ಒಂದು ಸೈಕಲ್ ಚಕ್ರಕ್ಕೂ ಅದಕ್ಕೂ ಪಟ್ಟಿ ಕಟ್ಟಿ ಕೈಲಿ ತಿರುಗಿಸು. ಮೋಟಾರು ಬೇಡ, ಕರೆಂಟು ಹೋದ್ರೂ ಬೆಂಕಿ ಹೋಗಬಾರದು. ಸದ್ಯಕ್ಕೆ ಪಕ್ಕದಿಂದ ಒಂದು ಮಣ್ಣಿನ ಕೊಳವೆ ಬಿಡು, ಸಾಕು. ಚಕ್ರ ಯಾರು ತಿರುಗಿಸ್ತಾರೆ? ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ ಇದು.

ಕಬ್ಬಿಣ ಮಾಮೇ ಹಣ್ಣಿನ ತಿರುಳಿನ ಥರ ಕಿತ್ತಳೆಗೆಂಪು ಬಣ್ಣಕ್ಕೆ ಬಂದಾಗ ಹೊಡಿ. ಕಪ್ಪಾದ ಮೇಲೆ ಹೊಡೆದ್ರೆ ಏಟು ನಿನ್ನ ಮೊಣಕೈಗೇ. ಹಣ್ಣಿನ ಬಣ್ಣ ದಾಟಿ ಬಿಳಿ ಆಯ್ತು ಅಂದ್ರೆ ಕಿಡಿ ಕಾರಿ ಸುಟ್ಟು ಹೋಗುತ್ತೆ. ಆ ಬಣ್ಣ ಒಂದು ನಂಗಿನ್ನೂ ನೆನಪಿದೆ. ಮಿಕ್ಕ ಬಣ್ಣ ಎಲ್ಲಾ ಹೋದ್ವು. ಏನ್ ಬರೀತಿದೀಯ? ಅದನ್ಯಾಕೆ ಬರೆದೆ? ಹೊಡೆದು ಹಾಕು. ಹಾಳೆ ಗಲೀಜಾಗುತ್ತಾ? ಹಂಗಾದ್ರೆ ಇರ್ಲಿ ಬಿಡು. ಕೊಡು ಇಲ್ಲಿ ಪೆನ್ನು.

ಬೆಲಾರ್ಮಿನೊ


ಬಯಾಮೊ
2 ಮೇ 1993

ಬೆಲಾರ್ಮಿನೊ ಅವರಿಗೆ,

ಮೊದಲ ಸಲ ಮೆತ್ತಿದ ಮಣ್ಣು ಉದುರಿತು. ಬಿಸಿಲಿಗೆ ಇಟ್ಟಿದ್ದೆ. ನೀವು ಹೇಳಿದ್ದಿರಿ, ನಾನು ಕೇಳಲಿಲ್ಲ. ಎರಡನೆಯದು ನಿಂತಿದೆ.

ಅಮ್ಮನಿಗೆ ತಿಳಿದುಹೋಯಿತು. ಹಿತ್ತಲ ಕೊಟ್ಟಿಗೆಯಲ್ಲಿ ಒಬ್ಬಳೇ ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಇಕ್ಕಳ ಹಿಡಿದು ಒದ್ದಾಡುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದವಳು ಕೇಳಿದಳು: “ಯಾರು ಹೇಳಿಕೊಟ್ಟಿದ್ದು ಇದನ್ನ?” ಡ್ರಮ್ಮಿನೊಳಗೆ ಮೆತ್ತಿದ್ದನ್ನು ಬಗ್ಗಿ ನೋಡಿದಳು. “ಬೂದಿ, ಲದ್ದಿ, ಹೊಳೆಮಣ್ಣು. ಈ ಅಡುಗೆ ಮಾಡೋನು ಈ ದ್ವೀಪದಲ್ಲಿ ಒಬ್ಬನೇ. ಬದುಕಿದಾನಾ?” ಬದುಕಿದ್ದಾರೆ ಎಂದೆ. ಕಣ್ಣಿನ ವಿಷಯವನ್ನೂ ಹೇಳಿದೆ. ಒಳಗೆ ಹೋದಳು. ಈಗ ಮಾತು ಬಿಡುತ್ತಾಳೆ ಅಂದುಕೊಂಡೆ. ಒಂದು ಮಣೆ ತಂದು ಚಕ್ರದ ಪಕ್ಕ ಹಾಕಿಕೊಂಡು ಕೂತಳು.

“ಸರಿ ಆಚೆ. ಮಗು ತೂಗೋ ಹಂಗೆ ತಿರುಗಿಸಬೇಕು ಇದನ್ನ, ಮೆಣಸು ಅರೆಯೋ ಹಂಗಲ್ಲ. ಮದುವೆಯಾದ ವರ್ಷ ಪೂರ್ತಿ ತಿದಿ ಎಳೆದಿದೀನಿ ಅವನಿಗೆ. ಬೆಂಕಿ ಊದೋದು ಮಾತ್ರ ಬರುತ್ತೆ ಆ ಮನುಷ್ಯನಿಗೆ, ಆರಿಸೋದೆಲ್ಲಾ ನಂದು.”

ಅವಳ ಉಬ್ಬಸ ನಿಮಗೆ ನೆನಪಿರಬಹುದು. ಈಗ ಜಾಸ್ತಿ. ಉಸಿರಿನೊಳಗೆ ಎಳೆದುಕೊಳ್ಳುವ ಮದ್ದು ಔಷಧಿ ಅಂಗಡಿಯಲ್ಲಿ ಸಿಗುತ್ತಿಲ್ಲ. ಬೇಡವೆಂದರೂ ಏಳುವುದಿಲ್ಲ, “ಇದ್ದಿಲಿಗೆ ಹೊಗೆ ಎಲ್ಲಿದೆ?” ಅನ್ನುತ್ತಾಳೆ.

ತೊಂದರೆ ಇದು: ಪಕ್ಕದ ಗಾಳಿಗೆ ಬೆಂಕಿ ಒಂದೇ ಕಡೆ ಕಾಯುತ್ತದೆ. ಸರಳಿನ ತುದಿ ಮಾತ್ರ ಕೆಂಪಾಗುತ್ತದೆ, ಲಾಳಕ್ಕೆ ಬಗ್ಗಿಸುವಷ್ಟು ಉದ್ದಕ್ಕೆ ಕಾವು ಸಿಗುವುದಿಲ್ಲ. ಗಾಳಿಯನ್ನು ಕೆಳಗಿನಿಂದ ಕೊಡುವುದು ಹೇಗೆ? ಕನೇಲಾ ಈಗ ಬಲ ಹಿಂಗಾಲನ್ನು ಊರುತ್ತಿಲ್ಲ. ಗಾಡಿ ಕಟ್ಟಿ ವಾರವಾಯಿತು.

ಅಮ್ಮ ಏನನ್ನೂ ಹೇಳಿ ಕಳಿಸಿಲ್ಲ. ನಾನು ಬರೆಯಲು ಕೂತಾಗ ಪಕ್ಕದಲ್ಲೇ ಇದ್ದಳು, ಅಷ್ಟೆ.

ನಿಲ್ಸಾ


ಸಾನ್ ಎಲಾದಿಯೊ
23 ಮೇ 1993

ಚಕ್ರ ಅವಳು ತಿರುಗಿಸ್ತಾಳಾ? ಇನ್ನೊಂದು ಸಲ ಓದು. ಮಗು ತೂಗೋ ಹಂಗೆ. ಹ್ಞೂಂ. ಹಾಗೇ ತಿದಿ ಎಳೀತಿದ್ದಳು.

ಅವಳಿಗೆ ಹೇಳು. ಬೇಡ. ಬರೀಬೇಡ. ಓರ್ತೆನ್ಸಿಯಾ, ಬರೀಬೇಡ ಅಂದಿದ್ದನ್ನೂ ಬರೀತೀಯೇನೇ? ಸರಿ. ಕೆಲಸಕ್ಕೆ ಬರೋಣ.

ಡ್ರಮ್ಮಿನ ತಳದಲ್ಲಿ ನಡುವೆ ತೂತು ಇದ್ದೇ ಇರುತ್ತೆ. ಅದಕ್ಕೆ ಕೆಳಗಿಂದ ಪೈಪು ಕೂರಿಸು. ನಲ್ಲಿಯವರು ಮೂರು ಬಾಯಿನ ಜೋಡಣೆ ಇಟ್ಟಿರ್ತಾರಲ್ಲ, ಅದು ಬೇಕು. ಒಂದು ಬಾಯಿ ಮೇಲೆ ಡ್ರಮ್ಮಿಗೆ. ಒಂದು ಪಕ್ಕಕ್ಕೆ, ಫ್ಯಾನಿನ ಡಬ್ಬಕ್ಕೆ. ಇನ್ನೊಂದು ಕೆಳಗೆ, ಅದಕ್ಕೊಂದು ಡಬ್ಬದ ಮುಚ್ಚಳ. ಬೂದಿ ತುಂಬಿದಾಗ ಮುಚ್ಚಳ ತೆಗೆದು ತಟ್ಟಿದ್ರೆ ಉದುರಿಹೋಗುತ್ತೆ. ತೂತಿನ ಮೇಲೆ ದಪ್ಪ ತಗಡಿಗೆ ಬೆರಳು ಹೋಗುವಷ್ಟು ತೂತು ಹೊಡೆದು ಮುಚ್ಚು, ಇಲ್ಲದಿದ್ರೆ ಇದ್ದಿಲೆಲ್ಲ ಪೈಪಿಗೆ ಬೀಳುತ್ತೆ. ಪೈಪಿನ ತುದಿ ಮೇಲಕ್ಕೆ ಬಂದು ಬೆಂಕಿಗೆ ತಾಗಿದ್ರೂ ಚಿಂತೆ ಇಲ್ಲ.

ಲಾಳಕ್ಕೆ ಮೊದಲು ಸರಳನ್ನ ಚಪ್ಪಟೆ ಮಾಡು. ಆಮೇಲೆ ಹಳಿಯ ದುಂಡನೆ ಅಂಚಿನ ಮೇಲೆ ಬಗ್ಗಿಸು. ಮೊಳೆ ತೂತನ್ನ ಹೊರಗಡೆಗೆ ವಾಲಿಸಿ ಹೊಡಿ. ಒಳಗಡೆ ವಾಲಿದ್ರೆ ಮೊಳೆ ಹಸಿ ಮಾಂಸಕ್ಕೆ ಹೋಗಿ, ಕುದುರೆ ನಿನ್ನ ಒದೆಯುತ್ತೆ. ಒದ್ರೆ ಒದೆಸ್ಕೋ, ತಪ್ಪು ನಿಂದೇ. ಜಾಗ ಮುಗೀತಾ? ಕೊಡು.

ಬೆಲಾರ್ಮಿನೊ

ಸಹಿಯ ಕೆಳಗೆ ಬರೆಯಬಾರದೆಂದಿದ್ದೀರಿ, ಮೇಲೆ ಜಾಗವಿಲ್ಲ, ಬೇರೆ ಹಾಳೆಯೂ ಇಲ್ಲ. ಇದು ನನ್ನ ಮಾತಲ್ಲ, ಊಟದ ನಡುವೆ ಅವರು ಕೂಗಿ ಹೇಳಿದ್ದು: ಪೈಪು ಕಪ್ಪು ಕಬ್ಬಿಣದ್ದೇ ಆಗಬೇಕು. ನೀರಿನ ಟ್ಯಾಂಕಿಗೆ ಹಾಕುವ ಸತು ಬಳಿದ ಬಿಳಿ ಪೈಪು ಬೇಡವೇ ಬೇಡ, ಕಾದರೆ ವಿಷ ಕಾರುತ್ತದೆ, ಉಬ್ಬಸದವರಿಗೆ ಅದು ಸಾವು. – ಓ.


ಬಯಾಮೊ
13 ಜೂನ್ 1993

ಅಪ್ಪ,

ಲಾಳ ಆಯಿತು!

ಒಂದಲ್ಲ, ಎರಡು. ಮೊದಲನೆಯದು ಬಾಳೆಹಣ್ಣಿನಂತಿದೆ ಎಂದಳು ಅಮ್ಮ. ಎರಡನೆಯದನ್ನು ಗೋಡೆಗೆ ಹಿಡಿದು ನೋಡಿ ಏನೂ ಹೇಳಲಿಲ್ಲ, ಅಂದರೆ ಚೆನ್ನಾಗಿದೆ. ಅದು ಈಗ ಕನೇಲಾನ ಬಲ ಹಿಂಗಾಲಿನಲ್ಲಿದೆ. ಒದೆಯಲಿಲ್ಲ. ನಿನಗೆ ತಿಳಿದಿರಲಿ ಎಂದು.

ಪೈಪು ಕೊಟ್ಟವನು ಆಸ್ಪತ್ರೆಯ ಹಿಂದಿನ ಗುಜರಿ ಕಾಯುವ ಫೆರ್ಮೀನ್. ಯಾವುದೋ ತಾರಸಿಯ ನೀರಿನ ಟ್ಯಾಂಕಿನಿಂದ ಬಿಚ್ಚಿದ್ದಂತೆ, ಮೂರು ಬಾಯಿನ ಜೋಡಣೆಯೂ ಅದರಲ್ಲೇ ಇತ್ತು. ಒಂದು ಚೂರು ತುಕ್ಕಿಲ್ಲ, ಹೊಸ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನನ್ನ ಕುಲುಮೆಯಲ್ಲಿ ಚೆಂದವಾಗಿದ್ದದ್ದು ಅದೊಂದೇ. ನೀನು ಹೇಳಿದ ಹಾಗೆಯೇ ಕೂರಿಸಿದೆ.

ಮಳೆ ಬರುತ್ತಿತ್ತು, ಇದ್ದಿಲು ನೆನೆಯಬಾರದೆಂದು ಕೊಟ್ಟಿಗೆಯ ಬಾಗಿಲು ಮುಚ್ಚಿದ್ದೆವು. ಅಮ್ಮ ತಿರುಗಿಸಿದಳು. ಬೆಂಕಿ ಈ ಸಲ ಕೆಳಗಿನಿಂದ ಎದ್ದು ನಿಂತಿತು. ನಿನಗೆ ಹೇಗೆ ಹೇಳಲಿ! ನಡುವೆ ಬಿಳಿ, ಅಂಚಿಗೆ ಮಾಮೇ ಬಣ್ಣ, ಪೈಪಿನ ಬಾಯಿಯ ಸುತ್ತ ಹಸಿರು-ನೀಲಿ ಜ್ವಾಲೆ. ಅಂಥ ಬಣ್ಣವನ್ನು ನಾನು ಕಂಡಿರಲಿಲ್ಲ. ಹತ್ತಿಯ ಎಳೆಯಂಥ ಬಿಳಿಯ ಚೂರುಗಳು ಮೇಲೆದ್ದು ತೇಲಿ ಬಂದು ಅಮ್ಮನ ತಲೆಯ ಮೇಲೆ ಕೂತವು. ಅವಳು ಚಕ್ರ ಬಿಡದೆ ನಕ್ಕಳು: “ನೋಡೇ, ಮದುವೆ ದಿನ ಚರ್ಚಿನ ಬಾಗಿಲಲ್ಲಿ ಅಕ್ಕಿ ಎರಚಿದ ಹಂಗಿದೆ. ಅವನಿಗೆ ಬರಿ ಇದನ್ನ.”

ಬರೆದಿದ್ದೇನೆ.

ಅವಳಿಗೆ ನಿನ್ನೆಯಿಂದ ಜ್ವರ. ಮೈಯೆಲ್ಲ ನಡುಗುತ್ತದೆ, ಬಾಯಲ್ಲಿ ಸಿಹಿ ಸಿಹಿಯಾಗಿದೆ ಅನ್ನುತ್ತಾಳೆ. ನನಗೂ ಒಂದು ರಾತ್ರಿ ಹಾಗೇ ಆಗಿ, ಬೆಳಿಗ್ಗೆ ಬಿಟ್ಟಿತು. ಮಳೆಯಲ್ಲಿ ನೆನೆದದ್ದಕ್ಕೆ ಇರಬೇಕು. ಮುಂದಿನ ಭಾನುವಾರ ಮುಂಗಾಲಿನ ಲಾಳ.

ನಿನ್ನ
ನಿಲ್ಸಾ


ತಂತಿ
24 ಜೂನ್ 1993

ಬೆಂಕಿ ಆರಿಸು. ಬಿಳಿ ಪೈಪು ಕಿತ್ತು ಎಸೆ. ಕಾಸಿಲ್ದಾಗೆ ಹಾಲು ಕುಡಿಸು. ಆಸ್ಪತ್ರೆಗೆ ಸೇರಿಸು.
ಬೆಲಾರ್ಮಿನೊ


ಬಯಾಮೊ
4 ಜುಲೈ 1993

ಅಪ್ಪ,

ತಂತಿ ತಲುಪುವಷ್ಟರಲ್ಲಿ ಅಮ್ಮ ಹೋಗಿದ್ದಳು. ಮಣ್ಣು ಮಾಡಿ ಮನೆಗೆ ಬಂದಾಗ ಅಂಚೆಯವನು ಹೊಸ್ತಿಲಲ್ಲಿ ಕೂತಿದ್ದ.

ಹಾಲಿನ ವಿಷಯ ನನಗೆ ಬೇರೆಯವರು ಹೇಳಿದರು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನು ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದವನಂತೆ. ಅಮ್ಮನ ಉಸಿರನ್ನು ಕೇಳಿಯೇ, “ಏನು ಸುಟ್ರಿ ಮನೇಲಿ? ಇಂಥ ಹೊಗೆಗೆ ಹಾಲೇ ಮದ್ದು, ಕುಡಿಸಿ” ಎಂದ. ರೇಷನ್ನಿನಲ್ಲಿ ಹಾಲು ಕೊಡುವುದು ಏಳು ವರ್ಷದೊಳಗಿನ ಮಕ್ಕಳಿಗೆ. ಎದುರುಮನೆಯವಳು ತನ್ನ ಮಗುವಿನದರಲ್ಲಿ ಅರ್ಧ ಲೋಟ ಕೊಟ್ಟಳು. ಅಮ್ಮ ಎರಡು ಗುಟುಕು ಕುಡಿದು, “ಮಗೂದು, ವಾಪಸ್ ಕೊಡು” ಅಂದಳು. ಅವಳು ಕೊನೆಗೆ ಹೇಳಿದ ಮಾತು ಅದೇ. ಆಮೇಲೆ ಉಸಿರಾಡುವುದೇ ಒಂದು ಕೆಲಸವಾಯಿತು, ಅದಕ್ಕೇ ಅವಳ ಶಕ್ತಿಯೆಲ್ಲ ಹೋಯಿತು. ವೈದ್ಯರು ಇದ್ದದ್ದೆಲ್ಲವನ್ನೂ ಕೊಟ್ಟರು.

ಪೈಪಿನಿಂದಲೇ ಹೀಗಾಗಿದ್ದು ಎಂದು ಬೆಸುಗೆಯವನೂ ಹೇಳಿದ, ನಿನ್ನ ತಂತಿಯೂ ಹೇಳಿತು. ನಿನಗೆ ಇದು ಗೊತ್ತಿತ್ತು. ಮೂರು ಬಾಯಿ, ಮುಚ್ಚಳ, ಬೆರಳು ಹೋಗುವಷ್ಟು ತೂತು, ಎಲ್ಲವನ್ನೂ ಹೇಳಿದೆ. ಇದೊಂದನ್ನು ಯಾಕೆ ಹೇಳಲಿಲ್ಲ?

ನಿಲ್ಸಾ


ಸಾನ್ ಎಲಾದಿಯೊ
25 ಜುಲೈ 1993

ನಿಲ್ಸಾ,

ಇದನ್ನು ನಾನು ನನ್ನ ಹೆಸರಿನಲ್ಲಿ, ಸಹಿಯ ಮೇಲೆ ಬರೆಯುತ್ತಿದ್ದೇನೆ. ಇವರಿಗೆ ತಿಳಿಯದಂತೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರವನ್ನು ಓದಿ ಹೇಳಿದೆ. ಒಂದು ಅಕ್ಷರವನ್ನೂ ಬಿಡಲಿಲ್ಲ. ಕೊನೆಯ ಸಾಲು ಕೇಳಿ ಇವರು ನನ್ನ ಕಡೆ ತಿರುಗಿದರು. “ಹೇಳಿದ್ನಲ್ಲ ನಾನು? ಊಟಕ್ಕೆ ಕೂತಾಗ ಹೇಳಿದ್ನಲ್ಲ? ನೀನು ಬರೀಲಿಲ್ವಾ?” ಬರೆದಿದ್ದೇನೆ ಎಂದೆ. “ಬೇರೆ ಜಾಗವಿರಲಿಲ್ಲ, ನಿಮ್ಮ ಸಹಿಯ ಕೆಳಗೆ ಬರೆದಿದ್ದೇನೆ, ಸಹಿಯ ಕೆಳಗಿನದನ್ನು ಓದುವುದಿಲ್ಲವೆಂದು ನಿಲ್ಸಾ ಮಾರ್ಚಿನಲ್ಲೇ ಹೇಳಿದ್ದಳು” ಎಂದೆ. “ಯಾವಾಗ ಹೇಳಿದ್ಲು? ನೀನು ಅದನ್ನ ನಂಗೆ ಓದೇ ಇಲ್ಲ.”

ಓದಿರಲಿಲ್ಲ, ನಿಜ. ಓದಿ ಹೇಳಬೇಕೆಂದು ನೀವು ಬರೆದಿದ್ದಿರಿ. ಆ ದಿನ ಅವರು ಸಂತೋಷವಾಗಿದ್ದರು, ಡ್ರಮ್ಮು ಗಂಟೆಯಂತೆ ಸದ್ದು ಮಾಡುತ್ತದೆ ಎಂಬುದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡಿದ್ದರು. ಅಲ್ಲಿಗೆ ನಿಲ್ಲಿಸಿದೆ. ಈಗ ಅವರು ಕೇಳುವುದು ಒಂದೇ: “ಒಂದು ಸಾಲು ಬಿಟ್ಟು ಓದಿದವಳು ಒಂದು ಸಾಲು ಬಿಟ್ಟು ಬರೆದಿರಬಾರದಾ? ಕಾಸಿಲ್ದಾ ಸಾಯ್ಲಿ ಅಂತಲೇ ಬಿಟ್ಟಿಯೇನೋ, ನಂಗೇನು ಗೊತ್ತು, ನಾನು ಕುರುಡ.”

ನಾನು ಬಡಿಸಿದ್ದನ್ನು ಅವರು ಮುಟ್ಟುತ್ತಿಲ್ಲ. ಪಕ್ಕದ ಮನೆಯವರು ತಂದುಕೊಟ್ಟರೆ ತಿನ್ನುತ್ತಾರೆ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಾರೆ, ನನ್ನ ಕೈ ಹಿಡಿಯುವುದಿಲ್ಲ. ನಾನು ಇವರ ಕಣ್ಣಾಗಿದ್ದವಳು, ಈಗ ಈ ಮನೆಯಲ್ಲಿ ಯಾರೂ ಅಲ್ಲ.

ಆ ಹಾಳೆ ನಿಮ್ಮ ಬಳಿ ಇದೆಯೇ? ಇದ್ದರೆ ಒಂದು ಸಲ ನೋಡಿ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ. ನಿಮ್ಮ ತಾಯಿಗಾಗಿ ದೀಪ ಹಚ್ಚಿದ್ದೇನೆ. ಬೇಡವೆನಿಸಿದರೆ ಹೇಳಿ, ಆರಿಸುತ್ತೇನೆ.

ಓರ್ತೆನ್ಸಿಯಾ


ಬಯಾಮೊ
15 ಆಗಸ್ಟ್ 1993

ಓರ್ತೆನ್ಸಿಯಾ ಅವರಿಗೆ,

ಆ ಹಾಳೆ ಇಲ್ಲ. ಕೆಳಗಡೆ ಬರಹ ಇದ್ದದ್ದು ಮಡಿಸುವಾಗ ಕಂಡಿತ್ತು. ಮೂರು ಸಾಲು, ಒತ್ತಿ ಒತ್ತಿ ಬರೆದದ್ದು. ಓದಲಿಲ್ಲ. ಆ ಪೈಪು ಕೂರಿಸಿದ ದಿನ ಇದ್ದಿಲಿಗೆ ಕಿಚ್ಚು ಹಚ್ಚಿದ್ದು ಅದರಿಂದಲೇ.

ಇದನ್ನು ನೀವು ಅವರಿಗೆ ಓದಿ ಹೇಳಿ ಪ್ರಯೋಜನವಿಲ್ಲ. ನೀವು ಓದಿದ್ದನ್ನು ಅವರು ನಂಬುವುದಿಲ್ಲ. ಬೇರೆಯವರಿಂದ ಓದಿಸಿದರೆ, ಅದನ್ನೂ ನೀವೇ ಬರೆಸಿದಿರಿ ಅನ್ನುತ್ತಾರೆ. ಆದ್ದರಿಂದ ನಾನೇ ಬರುತ್ತೇನೆ. ಕಾಕಂಬಿ ಲಾರಿಗೆ ಡೀಸೆಲ್ ಸಿಕ್ಕಿದ ದಿನ.

ದೀಪ ಇರಲಿ.

ನಿಲ್ಸಾ


ಸಾನ್ ಎಲಾದಿಯೊ
10 ಅಕ್ಟೋಬರ್ 1993

ನಿಲ್ಸಾ,

ನೀವು ಬಂದು ಹೋದ ಮೇಲೆ ಬರೆಯಲೋ ಬೇಡವೋ ಎಂದು ಇಷ್ಟು ದಿನ ತಡೆದೆ. ನಾನು ಬೇಯಿಸಿಟ್ಟ ಗೆಣಸನ್ನೂ ತಿನ್ನದೆ ನೀವು ಹೊರಟುಬಿಟ್ಟಿರಿ. ಲಾರಿಯವನು ಹಾರನ್ ಹೊಡೆಯುತ್ತಿದ್ದ, ನನಗೆ ಏನೂ ಕೇಳಲಾಗಲಿಲ್ಲ.

ಅಂದು ಸಂಜೆ ಇವರು ತಾವಾಗಿ ನನ್ನ ಕೈ ಹುಡುಕಿ ಹಿಡಿದುಕೊಂಡರು. “ತಪ್ಪಾಯ್ತು ಕಣೇ” ಎಂದರು. ಈ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಈಗ ನಾನು ಬಡಿಸಿದ್ದನ್ನು ತಿನ್ನುತ್ತಾರೆ. ಹಳೆಯ ಪತ್ರಿಕೆಗಳನ್ನು ಓದಿಸಿಕೊಳ್ಳುತ್ತಾರೆ, ಬೇಸ್‌ಬಾಲ್ ಪುಟ ಮೊದಲು. ನೀವು ನನಗೆ ನನ್ನ ಮನೆಯನ್ನು ವಾಪಸ್ಸು ಕೊಟ್ಟಿರಿ. ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು.

ಆದರೆ ಅವರು ನಿಮ್ಮ ಹೆಸರನ್ನು ಹೇಳುತ್ತಿಲ್ಲ. ಮೊನ್ನೆ ಬರೆಯಲು ಹಾಳೆ ಸಿಕ್ಕಿತು. “ಬಯಾಮೊಗೆ ಬರೆಯೋಣವಾ?” ಎಂದೆ. “ಅಲ್ಲಿ ಯಾರಿದಾರೆ?” ಎಂದರು. ಸಿಟ್ಟಿನಿಂದಲ್ಲ. ವಿಳಾಸ ಮರೆತವರ ಹಾಗೆ.

ನೀವಿಬ್ಬರೂ ಮಾತಾಡುವಾಗ ಕೇಳಿಸಿಕೊಳ್ಳಬಾರದೆಂದು ನಾನು ಬಾವಿಯ ಹತ್ತಿರ ಹೋಗಿ ನಿಂತಿದ್ದೆ. ಈಗ ಅನ್ನಿಸುತ್ತದೆ, ನಿಲ್ಲಬಾರದಿತ್ತು. ಒಳಗೆ ಏನಾಯಿತು?

ಓರ್ತೆನ್ಸಿಯಾ


ಬಯಾಮೊ
7 ನವೆಂಬರ್ 1993

ಓರ್ತೆನ್ಸಿಯಾ ಅವರಿಗೆ,

ನೀವು ಕೇಳಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಅವರಿಗೆ ಓದಬೇಡಿ.

ಮೊದಲು ಇಲ್ಲಿನ ಸುದ್ದಿ. ಗುಜರಿಯಲ್ಲಿ ಕಪ್ಪು ಪೈಪು ಸಿಕ್ಕಿತು. ಹುಡುಕಿದರೆ ಮೊದಲೂ ಸಿಗುತ್ತಿತ್ತು. ಕನೇಲಾಗೆ ನಾಲ್ಕು ಕಾಲಿಗೂ ಲಾಳವಾಗಿದೆ, ಗಾಡಿ ಓಡುತ್ತಿದೆ. ಬೇರೆ ಗಾಡಿಯವರೂ ಬರುತ್ತಾರೆ. ಅಮ್ಮ ಕೂರುತ್ತಿದ್ದ ಮಣೆಯ ಮೇಲೆ ಅವರೇ ಕೂತು ಚಕ್ರ ತಿರುಗಿಸುತ್ತಾರೆ, ಮೆಣಸು ಅರೆಯುವ ಹಾಗೆ. ನಾನು ತಿದ್ದುವುದಿಲ್ಲ.

ಆ ದಿನ ನೀವು ಹೊರಗೆ ಹೋದ ಮೇಲೆ, “ನಾನು ನಿಲ್ಸಾ” ಎಂದೆ. ಅವರು ತಲೆ ಅಲ್ಲಾಡಿಸಿದರು. “ಹನ್ನೊಂದು ವರ್ಷದ ಹುಡುಗಿ ಗಂಟಲು ನಂಗೆ ಗೊತ್ತು. ಇದು ಯಾರದೋ ಹೆಂಗಸಿನ ಗಂಟಲು. ನಿಲ್ಸಾ ಅಂತ ಹೇಳಿದ್ದು ಓರ್ತೆನ್ಸಿಯಾ ತಾನೆ? ಯಾರನ್ನ ಕರ್ಕೊಂಬಂದು ನಿಲ್ಸಿದಾಳೋ ಯಾರಿಗೆ ಗೊತ್ತು.” ಮನೆಯ ವಿಷಯಗಳನ್ನು ಹೇಳಿದೆ, ಅಮ್ಮ ಹಾಡುತ್ತಿದ್ದದ್ದನ್ನು ಹೇಳಿದೆ. ಅದೆಲ್ಲವನ್ನೂ ಪತ್ರ ಓದಿದವರು ಹೇಳಿಕೊಟ್ಟಿರಬಹುದು ಎಂದರು.

ಆಮೇಲೆ, “ಕೈ ಕೊಡು” ಎಂದರು.

ಎರಡನ್ನೂ ಕೊಟ್ಟೆ. ಬಲಗೈಯನ್ನು ಬೇಗ ಮುಗಿಸಿದರು. ಎಡಗೈಯನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು ಹೆಬ್ಬೆರಳಿನ ಬುಡದಲ್ಲಿ ಕಿಡಿ ಬಿದ್ದು ಸುಟ್ಟ ಗುರುತುಗಳನ್ನು ಒಂದೊಂದಾಗಿ ತಡವಿದರು. “ಇಕ್ಕಳ ತೀರಾ ಮುಂದೆ ಹಿಡೀತೀಯ” ಎಂದರು. “ಹಿಂದಕ್ಕೆ ಹಿಡಿ ಮಗಾ. ಕೈ ಸುಡುತ್ತೆ.” ಅವರ ಮುಖ ಸಡಿಲವಾಯಿತು. ಕೈಯನ್ನು ತಮ್ಮೆರಡೂ ಕೈಗಳ ನಡುವೆ ಇಟ್ಟುಕೊಂಡರು. ಅವರು ನಮ್ಮ ಮನೆಯಿಂದ ಹೋದ ಬೆಳಿಗ್ಗೆಯಿಂದ ಆ ಕೈಗಳನ್ನು ನಾನು ಮುಟ್ಟಿರಲಿಲ್ಲ. ನಾನು ನೆನೆಸಿಕೊಂಡಿದ್ದಕ್ಕಿಂತ ಅವು ಚಿಕ್ಕವಾಗಿದ್ದವು.

ಓರ್ತೆನ್ಸಿಯಾ, ಆಗ ಸುಮ್ಮನಿದ್ದುಬಿಡಬಹುದಿತ್ತು. ನೀವು ಬಾವಿಯ ಹತ್ತಿರ ಇದ್ದಿರಿ. ಒಳಗೆ ಹೇಳಿದೆನೋ ಇಲ್ಲವೋ ನಿಮಗೆ ತಿಳಿಯುತ್ತಿರಲಿಲ್ಲ. ನಾನು ನಿಲ್ಸಾ ಎಂದು ಅವರು ನಂಬಿದ್ದರು, ಅಷ್ಟು ಸಾಕೆಂದು ನನಗೂ ಅನ್ನಿಸಿತು. ಬಹಳ ಹೊತ್ತು ಅನ್ನಿಸಿತು.

ಆಮೇಲೆ ಹೇಳಿದೆ. ನೀವು ಬರೆದಿದ್ದಿರಿ ಎಂದೆ. ಓದದೆ ಹರಿದವಳು ನಾನು, ಅದರಿಂದಲೇ ಬೆಂಕಿ ಹಚ್ಚಿದವಳೂ ನಾನು ಎಂದೆ.

“ಎಷ್ಟು ಸಾಲಿತ್ತು?” ಎಂದು ಕೇಳಿದರು.

“ಮೂರು.”

“ನಾನು ಹೇಳಿದ್ದು ಅಷ್ಟೇ. ಸರಿಯಾಗೇ ಬರೆದಿದಾಳೆ” ಎಂದರು. ಕಣ್ಣು ಕಾಣದಿದ್ದರೂ ಬಾಗಿಲ ಕಡೆ, ನೀವಿದ್ದ ಕಡೆ ತಿರುಗಿದರು. ನನ್ನ ಕೈ ಇನ್ನೂ ಅವರ ಕೈಗಳಲ್ಲೇ ಇತ್ತು. ಮರೆತುಹೋಗಿದ್ದ ವಸ್ತುವೊಂದು ಕೈಯಲ್ಲಿ ಸಿಕ್ಕಿದಂತೆ ಒಮ್ಮೆ ಅದನ್ನು ತಡವಿದರು. ಎತ್ತಿ ನನ್ನ ಮಡಿಲಲ್ಲೇ ಇಟ್ಟು, ಬಿಟ್ಟರು.

ನಿಲ್ಸಾ